ಕಿವಿಯೂ ಒಂದು ಅಮಾನತ್ತು

ತಾಯಿಯ ಗರ್ಭದಿಂದ ಹೊರಬರುವ ಮಗುವಿಗೆ ಏನೂ ತಿಳಿದಿರುವುದಿಲ್ಲ. ಅಂಥ ನಮಗೆ ಅಲ್ಲಾಹನು ಕಿವಿ, ಕಣ್ಣು ಮತ್ತು ಹೃದಯವನ್ನು ದಯಪಾಲಿಸಿದ್ದು ನಾವು ಕೃತಜ್ಞರಾಗಲಿಕ್ಕಾಗಿ ಎಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯ ನೆನಪಿಸುತ್ತದೆ. ಇವು ಮೂರರ ಬಗ್ಗೆಯೂ ನಾಳೆ ವಿಚಾರಣೆಯಿದೆ ಎಂದು ಬನೀ ಇಸ್ರಾಈಲ್ ಅಧ್ಯಾಯ ಎಚ್ಚರಿಸುತ್ತದೆ. ಎರಡೂ ಕಡೆ ಮೊದಲು ಹೇಳಲಾಗಿರುವುದು ಕಿವಿಯನ್ನೇ. ಕಣ್ಣಿಗೆ ರೆಪ್ಪೆಯಿದೆ, ನಾಲಗೆಗೆ ತುಟಿಯ ಬಾಗಿಲಿದೆ. ಕಿವಿಗೆ ಮುಚ್ಚಳವಿಲ್ಲ. ಆದ್ದರಿಂದ ಅದರ ಕಾವಲು ಪೂರ್ತಿಯಾಗಿ ನಮ್ಮ ವಿವೇಕದ ಮೇಲಿದೆ.

ಇಂದು ನಮ್ಮ ಮನೆಗಳ ಯುವಕರು ಕಾರು ಕೊಂಡ ಕೂಡಲೇ ಮಾಡಲು ಬಯಸುವ ಮೊದಲ ಕೆಲಸವೆಂದರೆ ಅದರ ಸೌಂಡ್ ಸಿಸ್ಟಮ್ ಬದಲಾಯಿಸುವುದು. ಕಂಪೆನಿಯಿಂದ ಬಂದ ಸ್ಪೀಕರನ್ನು ತೆಗೆದು 'ಕಾಂಪೊನೆಂಟ್' ಸ್ಪೀಕರ್ ಹಾಕಿಸಬೇಕೆಂಬುದು ಅವರ ಆಸೆ. ಹಿರಿಯರು ಇದನ್ನು ಹುಚ್ಚಾಟವೆಂದು ಗದರಿಸುತ್ತಾರೆ. ಕಿರಿಯರು ಹಿರಿಯರಿಗೆ ಏನೂ ತಿಳಿಯದೆಂದು ಮುಖ ತಿರುಗಿಸುತ್ತಾರೆ. ಇಂಥ ಸಣ್ಣ ವಿಷಯಕ್ಕೂ ಧರ್ಮಕ್ಕೂ ಏನು ಸಂಬಂಧವೆಂದು ಕೇಳುವವರೂ ಇದ್ದಾರೆ. ಹಣ, ಶರೀರ, ನೆರೆಹೊರೆ ಈ ಮೂರೂ ಸೇರುವಲ್ಲಿ ಸತ್ಯವಿಶ್ವಾಸಿಗೆ ಸಣ್ಣ ವಿಷಯವೆಂಬುದಿಲ್ಲ. ಆದ್ದರಿಂದ ಈ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಮೊದಲನೆಯದಾಗಿ, ಒಳ್ಳೆಯ ವಸ್ತುವನ್ನು ಬಯಸುವುದು ಪಾಪವಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಒದಗಿಸಿದ ಅಲಂಕಾರವನ್ನು ನಿಷೇಧಿಸುವವರು ಯಾರು ಎಂದು ಅಲ್ ಅಅರಾಫ್ ಅಧ್ಯಾಯವು ಪ್ರಶ್ನಿಸುತ್ತದೆ. ಯಾವುದೇ ಕೆಲಸವನ್ನು ಅತ್ಯುತ್ತಮವಾಗಿ ಮಾಡುವ 'ಇಹ್ಸಾನ್' ನಮಗೆ ಕಲಿಸಲ್ಪಟ್ಟ ಗುಣ. ದಾರಿಯಲ್ಲಿ ಕುರ್‌ಆನ್ ಪಾರಾಯಣವನ್ನೋ ಒಂದು ಪ್ರವಚನವನ್ನೋ ಸ್ಪಷ್ಟವಾಗಿ ಕೇಳಬೇಕೆಂದು ಬಯಸುವವನಲ್ಲಿ ತಪ್ಪೇನಿದೆ? ಪ್ರಶ್ನೆ ಇರುವುದು ಬೇರೆ ಕಡೆ. ನಾವು ಕೊಳ್ಳುತ್ತಿರುವುದು ಸ್ಪಷ್ಟತೆಯನ್ನೋ, ಅಥವಾ ಬರೇ ಅಬ್ಬರವನ್ನೋ?

ಇದನ್ನು ತಿಳಿಯಲು ಈ ಸಾಧನದ ರಚನೆಯನ್ನು ನೋಡಬೇಕು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್ ವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಇಷ್ಟು ವಿಶಾಲವಾದ ವ್ಯಾಪ್ತಿಯನ್ನು ಒಂದೇ ಸ್ಪೀಕರ್ ಚೆನ್ನಾಗಿ ನಿಭಾಯಿಸಲಾರದು. ಕಾಂಪೊನೆಂಟ್ ಸೆಟ್‌ನಲ್ಲಿ ಕೆಲಸವನ್ನು ಹಂಚಲಾಗುತ್ತದೆ. ಬಾಗಿಲಿನಲ್ಲಿ ಕೂರುವ, ಸಾಮಾನ್ಯವಾಗಿ ಆರೂವರೆ ಇಂಚಿನ ವೂಫರ್ ತಗ್ಗಿನ ಮತ್ತು ನಡುವಿನ ಸ್ವರಗಳನ್ನು ನುಡಿಸುತ್ತದೆ. ಡ್ಯಾಶ್‌ಬೋರ್ಡಿನ ಬಳಿ, ಕಿವಿಯ ಮಟ್ಟಕ್ಕೆ ಹತ್ತಿರವಾಗಿ ಇಡುವ ಪುಟ್ಟ ಟ್ವೀಟರ್ ಹೆಚ್ಚಿನ ಸ್ವರಗಳನ್ನು ನುಡಿಸುತ್ತದೆ. ಇವೆರಡರ ನಡುವೆ 'ಕ್ರಾಸ್‌ಓವರ್' ಎಂಬ ಸಣ್ಣ ಪೆಟ್ಟಿಗೆಯಿದ್ದು, ಯಾವ ಸ್ವರ ಯಾರಿಗೆ ಎಂದು ವಿಂಗಡಿಸುತ್ತದೆ. ಅದಿಲ್ಲದಿದ್ದರೆ ತಗ್ಗಿನ ಸ್ವರಗಳ ಭಾರವೆಲ್ಲ ಟ್ವೀಟರಿನ ಮೇಲೆ ಬಿದ್ದು ಅದು ಸುಟ್ಟುಹೋಗುತ್ತದೆ. ಎಲ್ಲೆ ಮೀರಿದರೆ ಹಾಳಾಗುವುದು ಮನುಷ್ಯ ಮಾತ್ರವಲ್ಲ, ಅವನು ಮಾಡಿದ ಯಂತ್ರವೂ ಕೂಡ.

ಇನ್ನು ವ್ಯಾಪಾರದ ಮಾತಿಗೆ ಬರೋಣ. ಪೆಟ್ಟಿಗೆಯ ಮೇಲೆ ದಪ್ಪ ಅಂಕಿಯಲ್ಲಿ ಅಚ್ಚಾಗಿರುವ 'ಪೀಕ್' ವಾಟ್ ಎಂಬುದು ಸ್ಪೀಕರ್ ಕ್ಷಣಮಾತ್ರ ತಾಳಬಲ್ಲ ಶಕ್ತಿ. ಸತತವಾಗಿ ತಾಳಬಲ್ಲ ಶಕ್ತಿಗೆ 'ಆರ್‌ಎಂಎಸ್' ಎನ್ನುತ್ತಾರೆ. ನೋಡಬೇಕಾದುದು ಈ ಎರಡನೆಯ ಅಂಕಿ, ಅದು ಯಾವಾಗಲೂ ಚಿಕ್ಕದು. ಇನ್ನೊಂದು ಸತ್ಯವಿದೆ. 50 ವಾಟಿನಿಂದ 100 ವಾಟಿಗೆ, ಅಂದರೆ ಇಮ್ಮಡಿಗೆ ಏರಿಸಿದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಧ್ವನಿಯು ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹೀಗೆ ಅಬ್ಬರದ ಹಿಂದೆ ಓಡುವವನ ಹಣ ನೀರಿನಂತೆ ಹರಿದರೂ ಅವನಿಗೆ ತೃಪ್ತಿ ಸಿಗುವುದಿಲ್ಲ. ಹೆಚ್ಚು ಹೆಚ್ಚು ಗಳಿಸಬೇಕೆಂಬ ಪೈಪೋಟಿಯು ಮನುಷ್ಯನನ್ನು ಗೋರಿಯ ತನಕ ಮರೆವಿನಲ್ಲಿಡುತ್ತದೆಂದು ಅತ್ತಕಾಸುರ್ ಅಧ್ಯಾಯ ಎಚ್ಚರಿಸಿದ್ದು ನಮಗೆ ಗೊತ್ತಿಲ್ಲವೇ?

ಆದರೆ ಸ್ಪಷ್ಟತೆ ಅಷ್ಟು ದುಬಾರಿಯಲ್ಲ. ವೂಫರನ್ನು ಅಲುಗದಂತೆ ಬಿಗಿಯಾಗಿ ಕೂರಿಸುವುದು, ಬಾಗಿಲಿನ ಒಳತಗಡಿನ ತೂತುಗಳನ್ನು ಮುಚ್ಚುವುದು, ತಗಡು ಕಂಪಿಸದಂತೆ ದಪ್ಪ ಹಾಳೆಯನ್ನು ಅಂಟಿಸುವುದು, ಟ್ವೀಟರನ್ನು ಸರಿಯಾದ ಕಡೆಗೆ ತಿರುಗಿಸುವುದು ಇಷ್ಟರಿಂದಲೇ ಸಾಧಾರಣ ಬೆಲೆಯ ಸೆಟ್ ಕೂಡ ಚೆನ್ನಾಗಿ ನುಡಿಯುತ್ತದೆ. ಆಂಪ್ಲಿಫೈಯರ್ ಇಡುವುದಾದರೆ ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಇಲ್ಲದಿದ್ದರೆ ತಂತಿ ಎಲ್ಲೋ ಉಜ್ಜಿ ತಗಡಿಗೆ ತಾಗಿದಾಗ ಬೆಂಕಿ ಹತ್ತಬಹುದು. ಮನೆಮಂದಿ ಕೂರುವ ವಾಹನದಲ್ಲಿ ಹತ್ತು ರೂಪಾಯಿ ಉಳಿಸಲು ಇದನ್ನು ಬಿಡುವುದು ಮಿತವ್ಯಯವಲ್ಲ, ಹೊಣೆಗೇಡಿತನ.

ಕೊಳ್ಳುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ತೀರಿಸಬೇಕಾದ ಸಾಲವಿದೆಯೇ? ಈ ವರ್ಷದ ಝಕಾತ್ ಸಂದಿದೆಯೇ? ತಂದೆಯ ಔಷಧಿಗೆ, ತಂಗಿಯ ಶುಲ್ಕಕ್ಕೆ ಇಟ್ಟ ಹಣಕ್ಕೆ ಕೈ ಹಾಕುತ್ತಿದ್ದೇವೆಯೇ? ಬಡ್ಡಿಯ ಕಂತಿನಲ್ಲಿ ಕೊಳ್ಳುತ್ತಿದ್ದೇವೆಯೇ? ಕರುಣಾಮಯನ ದಾಸರು ಖರ್ಚು ಮಾಡುವಾಗ ದುಂದುವೆಚ್ಚವನ್ನೂ ಮಾಡುವುದಿಲ್ಲ, ಜಿಪುಣತನವನ್ನೂ ತೋರುವುದಿಲ್ಲ, ನಡುವಿನ ದಾರಿಯಲ್ಲಿರುತ್ತಾರೆ ಎಂಬುದು ಅಲ್ ಫುರ್ಕಾನ್ ಅಧ್ಯಾಯದ ಬೋಧನೆ. ಸಂಪತ್ತಿನ ಬಗ್ಗೆ ಎರಡು ವಿಚಾರಣೆಗಳಿವೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ: ಗಳಿಸಿದ್ದು ಹೇಗೆ, ವ್ಯಯಿಸಿದ್ದು ಯಾವುದಕ್ಕೆ. ಹಲಾಲಾಗಿ ಗಳಿಸಿದವನು ಎರಡನೆಯ ಪ್ರಶ್ನೆಯಲ್ಲಿ ಸೋಲಬಾರದು.

ಈಗ ಕಿವಿಯ ವಿಷಯ. ಒಳಕಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ಸುಮಾರು 15,000 ಸೂಕ್ಷ್ಮ ಕೋಶಗಳಿವೆ. ಕೂದಲೆಳೆಯಂತಹ ತುದಿಗಳಿರುವ ಈ ಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂದು ಅಮೇರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಮಿತಿ ಹಾಕಿದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿಯು ಅರ್ಧಕ್ಕಿಳಿಯುತ್ತದೆ. 88ರಲ್ಲಿ 4 ಗಂಟೆ, 91ರಲ್ಲಿ 2 ಗಂಟೆ, 100ರಲ್ಲಿ ಬರೇ 15 ನಿಮಿಷ. ಮೇಲೆ ಹೇಳಿದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಯಾವ 3 ಡೆಸಿಬೆಲ್‌ಗಾಗಿ ನಾವು ಎರಡು ಪಟ್ಟು ವಾಟ್ ಕೊಂಡೆವೋ ಅದೇ 3 ಡೆಸಿಬೆಲ್ ನಮ್ಮ ಕಿವಿಯ ಸುರಕ್ಷಿತ ಅವಧಿಯನ್ನು ಅರ್ಧಕ್ಕೆ ತುಂಡರಿಸಿತು! ಹಣ ಕೊಟ್ಟು ನಷ್ಟವನ್ನು ಕೊಳ್ಳುವುದೆಂದರೆ ಇದೇ ಅಲ್ಲವೇ? ನೂರು ಕೋಟಿಗೂ ಹೆಚ್ಚು ಯುವಜನರು ಅಪಾಯಕಾರಿಯಾಗಿ ಕೇಳುವ ಅಭ್ಯಾಸದಿಂದ ಶ್ರವಣಶಕ್ತಿ ಕಳಕೊಳ್ಳುವ ಭೀತಿಯಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಎಚ್ಚರಿಸಿದೆ. ಕಿವಿಯಲ್ಲಿ ಗುಂಯ್‌ಗುಡುವಿಕೆ ಶುರುವಾದರೆ ಅದು ಮೊದಲ ಸೂಚನೆಯಾಗಿರಬಹುದು. ಕೂಡಲೇ ವೈದ್ಯರನ್ನು ಕಾಣಬೇಕು.

ಕಾರಿನ ಗಾಜು ಏರಿಸಿದರೆ ಸದ್ದು ನಮ್ಮೊಳಗೇ ಉಳಿಯುತ್ತದೆಂದು ಭಾವಿಸುವುದೂ ತಪ್ಪು. ತಗ್ಗಿನ ಸ್ವರಗಳು ಗಾಜನ್ನೂ ಗೋಡೆಯನ್ನೂ ದಾಟುತ್ತವೆ. ರಾತ್ರಿ ಹನ್ನೊಂದಕ್ಕೆ ಓಣಿಯೊಳಗೆ ಬರುವ ಕಾರಿನ ಧಡಧಡದಿಂದ ಆಗತಾನೇ ಕಣ್ಣು ಮುಚ್ಚಿದ ರೋಗಿ ಎಚ್ಚರಗೊಳ್ಳುತ್ತಾನೆ, ತೊಟ್ಟಿಲ ಮಗು ಬೆಚ್ಚಿಬೀಳುತ್ತದೆ. ಯಾರ ಕಿರುಕುಳದಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ವಿಶ್ವಾಸಿಯಲ್ಲವೆಂದು ಪ್ರವಾದಿವರ್ಯರು(ಸ) ಮೂರು ಬಾರಿ ಆಣೆಯಿಟ್ಟು ಹೇಳಿದ್ದಾರೆ. ಆ ನೆರೆಯವನು ಯಾವ ಧರ್ಮದವನೆಂದು ಕೇಳುವ ಅಗತ್ಯವಿಲ್ಲ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಕೂಡ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ 45 ಡೆಸಿಬೆಲ್ ಮಿತಿ ಹಾಕಿವೆ. ಇನ್ನು ಒಳಗಿನ ಅಬ್ಬರದಿಂದ ಹಿಂದೆ ಬರುವ ಆಂಬುಲೆನ್ಸಿನ ಸದ್ದು ಚಾಲಕನಿಗೆ ಕೇಳಿಸದೆ ಹೋದರೆ, ಆ ಕ್ಷಣಕ್ಕೆ ಹೊಣೆ ಯಾರು?

ಕೆಲವರು ಕೇಳಬಹುದು: "ನಾವು ಹಾಕುವುದು ಅಸಭ್ಯ ಹಾಡನ್ನಲ್ಲ, ಕುರ್‌ಆನ್ ಪಾರಾಯಣವನ್ನು. ಅದು ಜೋರಾಗಿದ್ದರೇನು?" ಇದಕ್ಕೆ ಉತ್ತರ ಪ್ರವಾದಿ ಚರ್ಯೆಯಲ್ಲೇ ಇದೆ. ಒಂದು ರಾತ್ರಿ ಪ್ರವಾದಿವರ್ಯರು(ಸ) ನಡೆದುಹೋಗುವಾಗ ಅಬೂಬಕರ್(ರ)ರು ಬಹಳ ಮೆಲ್ಲನೆಯೂ ಉಮರ್(ರ)ರು ಬಹಳ ಗಟ್ಟಿಯಾಗಿಯೂ ಪಠಿಸುತ್ತಾ ನಮಾಝ್ ಮಾಡುತ್ತಿದ್ದರು. ಬಳಿಕ ಕಾರಣ ವಿಚಾರಿಸಿದಾಗ, ತಾನು ಯಾರೊಡನೆ ಸಂಭಾಷಿಸುತ್ತಿದ್ದೆನೋ ಅವನಿಗೆ ಕೇಳಿಸಿದೆ ಎಂದರು ಅಬೂಬಕರ್(ರ). ಮಲಗಿದವರನ್ನು ಎಬ್ಬಿಸುತ್ತಿದ್ದೆ, ಶೈತಾನನನ್ನು ಓಡಿಸುತ್ತಿದ್ದೆ ಎಂದರು ಉಮರ್(ರ). ಇಬ್ಬರ ಉದ್ದೇಶವೂ ಪವಿತ್ರವೇ. ಆದರೂ ಒಬ್ಬರಿಗೆ ದನಿಯನ್ನು ತುಸು ಏರಿಸಲೂ ಇನ್ನೊಬ್ಬರಿಗೆ ತುಸು ಇಳಿಸಲೂ ಪ್ರವಾದಿವರ್ಯರು(ಸ) ಆದೇಶಿಸಿದರು. ಉಮರ್(ರ)ರಂಥವರ ಪಾರಾಯಣಕ್ಕೇ ಹೀಗೊಂದು ಅಳತೆಯಿದ್ದರೆ ನಮ್ಮ ಕಾರಿನ ಸ್ಪೀಕರಿಗೆ ಇರಬೇಡವೇ? ಅಲ್ಲದೆ ಕುರ್‌ಆನ್ ಪಠಿಸಲ್ಪಡುವಾಗ ಮೌನವಾಗಿ ಕಿವಿಗೊಡಬೇಕೆಂಬ ಆಜ್ಞೆಯೂ ಇದೆ. ಅದನ್ನು ಹಾಕಿ ಹರಟೆ ಹೊಡೆಯುತ್ತಾ ಹಾರ್ನ್ ಬಾರಿಸುತ್ತಾ ಹೋಗುವುದು ಗೌರವವಲ್ಲ.

ಹೆತ್ತವರೇ, ಮಗನು ಸ್ಪೀಕರಿನ ಮಾತೆತ್ತಿದರೆ ಬರೇ ಗದರಿಸಿ ಸುಮ್ಮನಾಗಿಸಬೇಡಿರಿ. ಅವನೊಂದಿಗೆ ಕುಳಿತು ಲೆಕ್ಕ ಹಾಕಿರಿ. ವಾಟಿನ ಬದಲು ಸ್ಪಷ್ಟತೆಯನ್ನು ಆರಿಸಲು ಹೇಳಿರಿ. ಕೆಲಸ ಮುಗಿದ ದಿನ ಅವನ ಕಾರಿನಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಒಂದು ಪಾರಾಯಣವನ್ನು ಹಾಕಲು ಹೇಳಿ ಕೇಳಿರಿ. ಪ್ರತಿಯೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿದರೆ ಹಣಕ್ಕೆ ಬೆಲೆ ಬಂತೆಂದು ಅವನನ್ನು ಮೆಚ್ಚಿರಿ. ಯುವ ಸಹೋದರರೇ, ವಾಹನವೇರುವಾಗ ಇದನ್ನು ನಮಗೆ ಅಧೀನಗೊಳಿಸಿದವನನ್ನು ಸ್ತುತಿಸಿ ಪ್ರಾರ್ಥಿಸುತ್ತೀರಲ್ಲವೇ? ಆ ಪ್ರಾರ್ಥನೆ ಮುಗಿದ ಬಳಿಕ ವಾಲ್ಯೂಮಿನ ಗುಂಡಿಯತ್ತ ಚಾಚುವ ಕೈಗೂ ಅದೇ ವಿನಯವಿರಲಿ. ಪಕ್ಕದಲ್ಲಿ ಕುಳಿತ ತಾಯಿ ಮೆಲ್ಲನೆ ಆಡುವ ಮಾತು ನಿಮಗೆ ಕೇಳಿಸುವಷ್ಟಕ್ಕೆ ಸದ್ದನ್ನು ನಿಲ್ಲಿಸಿರಿ. ಅದಕ್ಕಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ.

ಅಲ್ಲಾಹನು ನಮ್ಮ ಕಿವಿಗಳನ್ನು ಕೊನೆಯುಸಿರಿನ ತನಕ ಕಾಪಾಡಲಿ, ಒಳಿತನ್ನು ಆಲಿಸಿ ಅದರಂತೆ ನಡೆಯುವ ಸೌಭಾಗ್ಯವನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.