ಒಳಗೂ ಹೊರಗೂ ರಾಳ

ಭಾನುವಾರದ ಆರಾಧನೆಯ ಸಂದೇಶ, ಧ್ವನಿಮುದ್ರಣದಿಂದ ಬರೆದದ್ದು
ವಾಕ್ಯಭಾಗ: ಆದಿಕಾಂಡ 6:14, ಮತ್ತಾಯ 5:23-24, 6:19

ಹಲ್ಲೆಲೂಯಾ. ಇದು ಸಾಲದು, ಹಿಂದಿನ ಬೆಂಚಿನವರೂ ಹೇಳಬೇಕು. ಹಲ್ಲೆಲೂಯಾ! ಕರ್ತನಿಗೆ ಸ್ತೋತ್ರ.

ಸತ್ಯವೇದ ಇದ್ದವರು ಆದಿಕಾಂಡ 6ನೇ ಅಧ್ಯಾಯ ತೆರೆಯಿರಿ, 14ನೇ ವಚನ. ಮೊಬೈಲಿನಲ್ಲಿ ನೋಡುವವರು ವಾಟ್ಸಾಪ್ ಮುಚ್ಚಿ ನೋಡಿ. ದೇವರು ನೋಹನಿಗೆ ನಾವೆಯ ಲೆಕ್ಕ ಕೊಡುತ್ತಾನೆ. ಯಾವ ಮರ, ಒಳಗೆ ಕೋಣೆಗಳು, 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಆದರೆ ಅಳತೆ ಹೇಳುವುದಕ್ಕೂ ಮುಂಚೆ ಒಂದು ಕೆಲಸ ಹೇಳುತ್ತಾನೆ, ಗಮನಿಸಿದಿರಾ? ರಾಳ ಹಚ್ಚುವ ಕೆಲಸ. ಹೊರಗೆ ಮಾತ್ರ ಅಲ್ಲ, ಒಳಗೂ. ನಾವೆ ಇನ್ನೂ ಕಟ್ಟಿಲ್ಲ, ಮಳೆಯ ಒಂದು ಹನಿ ಬಿದ್ದಿಲ್ಲ, ರಾಳದ ಮಾತು ಆಗಲೇ ಬಂತು. ನಮ್ಮ ಮಲ್ಪೆಯ ದೋಣಿ ಕಟ್ಟುವವರಿಗೆ ಈ ವಚನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯಾಕೆ ಈ ವಾಕ್ಯ ತೆಗೆದೆ ಅಂದರೆ, ನಿಮಗೆಲ್ಲ ಗೊತ್ತುಂಟು, ಕಳೆದ ತಿಂಗಳು ಕರ್ತನು ನಮ್ಮ ಸಭೆಗೆ ಒಂದು ಹೊಸ ಗಾಡಿ ಕೊಟ್ಟನು. ವಯಸ್ಸಾದವರನ್ನು ಆರಾಧನೆಗೆ ಕರೆತರಲಿಕ್ಕೆ, ಆಸ್ಪತ್ರೆ ಭೇಟಿಗೆ, ಹಳ್ಳಿಯ ಕೂಟಗಳಿಗೆ. ಮೂರು ವರ್ಷ ನೀವು ಸ್ವಲ್ಪ ಸ್ವಲ್ಪ ಕೊಟ್ಟ ಕಾಣಿಕೆ ಅದು. ಬೀಡಿ ಕಟ್ಟಿದ ದುಡ್ಡು ಉಂಟು ಅದರಲ್ಲಿ, ಮೀನು ಮಾರಿದ ದುಡ್ಡು ಉಂಟು. ಗಾಡಿ ಬಂದ ವಾರವೇ ಕಮಿಟಿಯಲ್ಲಿ ಒಂದು ಚರ್ಚೆ ಎದ್ದಿತು. ಗಾಡಿಯ ಅಡಿಗೆ ತುಕ್ಕು ಹಿಡಿಯದ ಹಾಗೆ ಕೋಟಿಂಗ್ ಮಾಡಿಸಬೇಕಾ, ಬೇಡವಾ? ಅದಕ್ಕೆ ಆಗುವ ಖರ್ಚು ಎಂಟು ಸಾವಿರದ ಹತ್ತಿರ. ನಮ್ಮ ಹಿರಿಯರೊಬ್ಬರು ಹೇಳಿದರು, "ಪಾಸ್ಟ್ರೇ, ಪ್ರಾರ್ಥನೆ ಮಾಡಿ ಅಭಿಷೇಕದ ಎಣ್ಣೆ ಹಚ್ಚಿ ಪ್ರತಿಷ್ಠೆ ಮಾಡಿ ಆಯಿತು. ಇನ್ನು ಕರ್ತನೇ ಕಾಪಾಡುತ್ತಾನೆ. ಕೋಟಿಂಗ್ ಅಂದರೆ ಅವಿಶ್ವಾಸ ಆಗುವುದಿಲ್ಲವಾ?" ಯೌವನಸ್ಥರಲ್ಲಿ ಒಬ್ಬ ಹೇಳಿದ, ಈಗಿನ ಗಾಡಿಗೆ ಕಂಪನಿಯಲ್ಲೇ ಎಲ್ಲ ಮಾಡಿ ಕಳಿಸುತ್ತಾರೆ, ಇದೆಲ್ಲ ಶೋರೂಮಿನವರು ಲಾಭಕ್ಕೆ ಹೇಳುವುದು ಅಂತ.

ಇಬ್ಬರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಕಂಪನಿಯವರು ಮಾಡುತ್ತಾರೆ, ನಿಜ. ಗಾಡಿಯ ಇಡೀ ಬಾಡಿಯನ್ನು ಪೇಂಟಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, ಮೂಲೆಮೂಲೆಗೂ ಮೊದಲ ಪದರ ಹಿಡಿಸುತ್ತಾರೆ. (ಮುಳುಗಿಸುವುದು ಅಂದ ಕೂಡಲೇ ನಮಗೆ ದೀಕ್ಷಾಸ್ನಾನ ನೆನಪಾಗುತ್ತದೆ. ಚಿಮುಕಿಸಿದರೆ ಮೂಲೆಗೆ ಹೋಗುವುದಿಲ್ಲ, ಅದು ಇನ್ನೊಂದು ದಿನದ ಪ್ರಸಂಗ.) ಬೆಂಗಳೂರಿನ ಕಡೆ ಓಡುವ ಗಾಡಿಗೆ ಬಹುಶಃ ಅದು ಸಾಕು. ಆದರೆ ನಾವು ಇರುವುದು ಎಲ್ಲಿ? ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ. ಗಾಳಿಯಲ್ಲೇ ಉಪ್ಪು. ಮೇಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿ ಹಿಂದೆ ಹೋಗಿ ನೋಡಿ ಮಾರಾಯ್ರೇ, ಕರಗಿದ ಮಂಜುಗಡ್ಡೆಯ ಉಪ್ಪುನೀರು ರಸ್ತೆಯುದ್ದಕ್ಕೂ ಸುರಿಯುತ್ತಾ ಹೋಗುತ್ತದೆ. ಆ ನೀರನ್ನು ನಮ್ಮ ಚಕ್ರ ಎತ್ತಿ ನಮ್ಮ ಗಾಡಿಯ ಹೊಟ್ಟೆಗೇ ಎರಚುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲಿಕ್ಕೆ ನೀರು ಬೇಕು, ಗಾಳಿಯ ಆಮ್ಲಜನಕ ಬೇಕು. ಉಪ್ಪು ಸೇರಿದರೆ ಕೆಲಸ ಬೇಗ ಬೇಗ ಆಗುತ್ತದೆ. ಕಂಪನಿಯ ಪೇಂಟ್ ಎಷ್ಟೇ ಒಳ್ಳೆಯದಿರಲಿ, ಜಲ್ಲಿಕಲ್ಲು ಒಂದು ಹಾರಿ ಬಡಿದು ಒಂದು ಚೂರು ಎದ್ದರೆ ಸಾಕು, ಅಲ್ಲಿ ಬಾಗಿಲು ತೆರೆಯಿತು.

ಇನ್ನು ಅವಿಶ್ವಾಸದ ಮಾತು. ನಮ್ಮ ಹಿರಿಯರ ವಿಶ್ವಾಸದ ಬಗ್ಗೆ ನನಗೆ ಗೌರವ ಉಂಟು. ಅವರಿಗೆ ಕಮಿಟಿಯಲ್ಲಿ ನಾನು ಕೇಳಿದ್ದು ಇಷ್ಟೇ: ನೋಹನಿಗೆ ವಿಶ್ವಾಸ ಇರಲಿಲ್ಲವಾ ಅಣ್ಣ? ಇಬ್ರಿಯರಿಗೆ ಬರೆದ ಪತ್ರಿಕೆ 11ನೇ ಅಧ್ಯಾಯದ ವಿಶ್ವಾಸವೀರರ ಪಟ್ಟಿಯಲ್ಲಿ ಅವನ ಹೆಸರು ಉಂಟು. ಅವನು ರಾಳ ಹಚ್ಚಿದ್ದು ದೇವರ ಮೇಲೆ ನಂಬಿಕೆ ಇಲ್ಲದೆ ಅಲ್ಲ, ನಂಬಿಕೆ ಇದ್ದದ್ದಕ್ಕೆ. ಮಳೆ ಬರುತ್ತದೆ ಅಂತ ದೇವರು ಹೇಳಿದ್ದನ್ನು ನಂಬಿದ್ದಕ್ಕೆ ಕೈಯಲ್ಲಿ ರಾಳದ ಡಬ್ಬ ಹಿಡಿದ. ಹಿರಿಯರು ನಕ್ಕು, "ಆಯಿತು ಪಾಸ್ಟ್ರೇ, ಮಾಡಿಸಿ" ಅಂದರು. ಎರಡು ಸಾವಿರ ಅವರೇ ಕೊಟ್ಟರು, ಕರ್ತನು ಅವರನ್ನು ಆಶೀರ್ವದಿಸಲಿ. ಆಮೆನ್ ಹೇಳಿ.

ಗಾಡಿ ಬಿಡಲಿಕ್ಕೆ ನಾನೇ ಹೋದೆ. ಬಿಟ್ಟು ಬರುವ ಅಂತ ಹೋದವನು ಕೆಲಸ ನೋಡುತ್ತಾ ಸಂಜೆವರೆಗೆ ಅಲ್ಲೇ ಉಳಿದೆ. ಕೋಟಿಂಗ್ ಅಂದರೆ ಕಪ್ಪು ಬಣ್ಣ ಹೊಡೆದು ಕಳಿಸುವುದು ಅಂತ ನಾವು ತಿಳಿಯುತ್ತೇವೆ. ಹಾಗಲ್ಲ. ಗಾಡಿಯನ್ನು ಲಿಫ್ಟಿನಲ್ಲಿ ಮೇಲಕ್ಕೆ ಎತ್ತಿದರು, ಚಕ್ರ ಬಿಚ್ಚಿದರು, ಚಕ್ರದ ಮೇಲಿನ ಪ್ಲಾಸ್ಟಿಕ್ ಬಿಚ್ಚಿದರು. ಜೋರು ನೀರು ಹೊಡೆದು ತೊಳೆದರು. ಹೊಸ ಗಾಡಿ, ತಿಂಗಳೂ ಆಗಿಲ್ಲ, ಅದರಲ್ಲೇ ಅಷ್ಟು ಕೆಸರು! ಆಮೇಲೆ ಒಣಗಿಸಲಿಕ್ಕೆ ಗಂಟೆಗಟ್ಟಲೆ. ಗಾಳಿಯ ಪೈಪಿನಿಂದ ಸಂದುಸಂದಿಗೆ ಊದಿ ಊದಿ ಒಣಗಿಸಿದರು. ಅರ್ಧ ದಿನ ಹೋದದ್ದು ಇದಕ್ಕೇ. ಬಣ್ಣದ ಡಬ್ಬ ಇನ್ನೂ ತೆರೆದೇ ಇಲ್ಲ. ನಾನು ಕೇಳಿದೆ, "ಇಷ್ಟು ಒಣಗಬೇಕಾ ತಮ್ಮಾ?" ಆ ಹುಡುಗ ಹೇಳಿದ, "ಸಾರ್, ಒಂದು ಹನಿ ಒಳಗೆ ಉಳಿದು ಮೇಲಿಂದ ಕೋಟಿಂಗ್ ಕೂತರೆ ಆ ಹನಿಗೆ ಹೊರಗೆ ಬರಲಿಕ್ಕೆ ದಾರಿ ಇಲ್ಲ. ಹಾಕದೆ ಇರುವುದೇ ಒಳ್ಳೆಯದು."

ಮತ್ತೆ ಸೈಲೆನ್ಸರಿಗೆ, ಬ್ರೇಕಿನ ಡಿಸ್ಕಿಗೆ, ತಿರುಗುವ ಭಾಗಗಳಿಗೆಲ್ಲ ಪೇಪರ್ ಸುತ್ತಿ ಟೇಪ್ ಹಾಕಿದರು. ಅಲ್ಲಿಗೆ ಬೀಳಬಾರದು. ಆಮೇಲೆ ರಬ್ಬರಿನ ಹಾಗಿರುವ ಕಪ್ಪು ಕೋಟಿಂಗ್, ಒಂದು ಪದರ ಹೊಡೆದು, ಕಾದು, ಇನ್ನೊಂದು ಪದರ. ಅಷ್ಟಕ್ಕೇ ಬಿಡಲಿಲ್ಲ. ಸಪೂರದ ಉದ್ದ ಪೈಪ್ ತೆಗೆದು, ಬಾಗಿಲಿನ ಒಳಗೆ, ಬಾಗಿಲ ಕೆಳಗಿನ ಪಟ್ಟಿಯ ಒಳಗೆ, ಕಂಪನಿಯವರೇ ಬಿಟ್ಟ ತೂತುಗಳಿಂದ ಮೇಣದಂಥ ದ್ರವ ಹೊಡೆದರು. ಅದು ಹರಿದು ಬೆಸುಗೆಯ ಸಂದಿಗೆ ತಾನಾಗಿ ಇಳಿಯುತ್ತದಂತೆ. ಬಾಗಿಲಿನ ಅಡಿಯಲ್ಲಿ ನೀರು ಹೋಗಲಿಕ್ಕೆ ಇರುವ ಸಣ್ಣ ತೂತು ಮುಚ್ಚಿಹೋಗಿದೆಯಾ ಅಂತ ಕಡ್ಡಿ ಹಾಕಿ ನೋಡಿದರು. ಅದು ಮುಚ್ಚಿದರೆ ಮಳೆನೀರು ಬಾಗಿಲಲ್ಲೇ ನಿಲ್ಲುತ್ತದೆ.

ಒಳಗೂ ಹೊರಗೂ! ನಾನು ಅಲ್ಲೇ ನಿಂತು ಸ್ತೋತ್ರ ಹೇಳಿದೆ. ಆ ಹುಡುಗ ನನ್ನ ಮುಖ ನೋಡಿದ.

ಈಗ ವಾಕ್ಯಕ್ಕೆ ಬನ್ನಿ. ಆದಿಕಾಂಡದಲ್ಲಿ ರಾಳ ಅನ್ನುವುದಕ್ಕೆ ಇಬ್ರಿಯ ಭಾಷೆಯಲ್ಲಿರುವ ಮಾತು ಕೋಫೆರ್. ಹಚ್ಚು ಅನ್ನುವುದಕ್ಕೆ ಕಾಫರ್. ಅದೇ ಮೂರು ಅಕ್ಷರದ ಮಾತು ಯಾಜಕಕಾಂಡಕ್ಕೆ ಬಂದಾಗ ಏನಾಗುತ್ತದೆ ಗೊತ್ತಾ? ದೋಷಪರಿಹಾರ! ಯೋಮ್ ಕಿಪ್ಪೂರ್ ಅಂತ ಯೆಹೂದ್ಯರು ಇವತ್ತಿಗೂ ಆಚರಿಸುವ ದಿನದ ಹೆಸರಿನಲ್ಲಿ ಇರುವುದೂ ಅದೇ ಅಕ್ಷರಗಳು. ಮಂಜೂಷದ ಮೇಲಿನ ಕೃಪಾಸನಕ್ಕೆ ಕಪ್ಪೋರೆತ್ ಅನ್ನುತ್ತಾರೆ, ಅಲ್ಲೂ ಅದೇ. ಪ್ರಳಯದ ನೀರಿಗೂ ನೋಹನ ಮನೆಯವರಿಗೂ ನಡುವೆ ನಿಂತದ್ದು ಯಾವುದೋ, ದೇವರ ಕೋಪಕ್ಕೂ ನಮಗೂ ನಡುವೆ ನಿಂತದ್ದು ಅದೇ. ಯೇಸುವಿನ ರಕ್ತ. ಸ್ತೋತ್ರ, ಸ್ತೋತ್ರ!

ಮತ್ತಾಯ 6:19ರಲ್ಲಿ ನಮ್ಮ ಕನ್ನಡ ಸತ್ಯವೇದದಲ್ಲಿ ಕಿಲುಬು ಅಂತ ಉಂಟು. ನಮಗೆ ಕಿಲುಬು ಅಂದರೆ ಹಿತ್ತಾಳೆ ಪಾತ್ರೆಯದ್ದು, ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಹೋಗುವಂಥದ್ದು. ಯೇಸುಸ್ವಾಮಿ ಹೇಳಿದ ಮಾತಿಗೆ ಗ್ರೀಕಿನಲ್ಲಿರುವ ಶಬ್ದದ ಅರ್ಥ ತಿನ್ನುವುದು ಅಂತ. ತುಕ್ಕು ತಿನ್ನುತ್ತದೆ. ಕಬ್ಬಿಣದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಉಬ್ಬಿ ಚಕ್ಕೆಯಾಗಿ ಏಳುತ್ತದೆ, ಎದ್ದ ಕಡೆ ಇನ್ನೂ ನೀರು ಒಳಗೆ ಹೋಗುತ್ತದೆ. ಪೇಂಟ್ ಉಬ್ಬಿದ್ದು ನಮಗೆ ಕಾಣುವ ಹೊತ್ತಿಗೆ ಒಳಗೆ ಊಟ ಮುಗಿದಿರುತ್ತದೆ.

ಅದೇ ದಿನ ಮಧ್ಯಾಹ್ನ ಒಂದು ಮೀನಿನ ಟೆಂಪೋ ಅಲ್ಲಿಗೆ ಬಂತು. ಏಳೆಂಟು ವರ್ಷ ಹಳೆಯದು. ಮೇಲೆ ಚಂದದ ಹೊಸ ಪೇಂಟ್, ಮಿರಮಿರ ಅಂತ ಹೊಳೆಯುತ್ತದೆ. ಮಾಲೀಕ ಹೇಳಿದ, ನನಗೂ ಇದೇ ಕೋಟಿಂಗ್ ಹಾಕಿ, ಎಷ್ಟಾದರೂ ಆಗಲಿ, ನಾಳೆ ಬೆಳಿಗ್ಗೆ ಗಾಡಿ ಬೇಕು. ಅಂಗಡಿಯವನು ಅಡಿಗೆ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಸಲ ಮೆಲ್ಲ ತಟ್ಟಿದ. ಎರಡನೇ ಪೆಟ್ಟಿಗೆ ತೂತಾಯಿತು. ಅವನು ದುಡ್ಡು ತೆಗೆದುಕೊಳ್ಳಲಿಲ್ಲ. "ಮೊದಲು ಕೆರೆಯಬೇಕು ಅಣ್ಣ, ಹೋದದ್ದನ್ನು ಕತ್ತರಿಸಿ ಹೊಸ ಶೀಟ್ ವೆಲ್ಡಿಂಗ್ ಮಾಡಬೇಕು. ಇದರ ಮೇಲೆ ಹಾಕಿದರೆ ನಿಮಗೆ ಕಾಣುವುದಿಲ್ಲ, ಅಷ್ಟೇ" ಅಂದ.

ಪ್ರಿಯರೇ, ಇಲ್ಲಿ ನಾನು ಸ್ವಲ್ಪ ನಿಧಾನ ಮಾತಾಡುತ್ತೇನೆ.

ಈ ಸಭೆಯಲ್ಲಿ ಎರಡು ಮನೆಗಳುಂಟು. ಒಂದೇ ತಾಯಿಯ ಮಕ್ಕಳು. ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ತಂದೆ ಬಿಟ್ಟುಹೋದ ಹತ್ತು ಸೆಂಟ್ಸ್ ಜಾಗ, ಅದರಲ್ಲಿ ಬಾವಿಗೆ ಹೋಗುವ ಒಂದು ದಾರಿ. ಅಷ್ಟೇ ವಿಷಯ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಇಬ್ಬರೂ ಎದ್ದು ಬಂದು ಕೈ ಕುಲುಕಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಕೋಟಿಂಗ್ ಒಳ್ಳೆಯದೇ ಕಾಣುತ್ತಿತ್ತು. ಆದರೆ ಆ ದಾರಿಯ ಬೇಲಿ ಇವತ್ತಿಗೂ ಹಾಗೇ ಉಂಟು. ಆ ಮನೆಯ ಮಕ್ಕಳು ಈ ಮನೆಗೆ ಹೋಗುವುದಿಲ್ಲ. ಒಬ್ಬರು ಸಾಕ್ಷಿ ಹೇಳಲಿಕ್ಕೆ ಎದ್ದರೆ ಇನ್ನೊಬ್ಬರಿಗೆ ನೀರು ಕುಡಿಯಲಿಕ್ಕೆ ಹೊರಗೆ ಹೋಗಲಿಕ್ಕಿರುತ್ತದೆ. ಅವರ ತಾಯಿಯನ್ನು ಬುಧವಾರ ನೋಡಲಿಕ್ಕೆ ಹೋಗಿದ್ದೆ. ಎಂಬತ್ತು ದಾಟಿದೆ, ಹಾಸಿಗೆಯಿಂದ ಕುರ್ಚಿಗೆ ಬರುವುದೇ ಕಷ್ಟ. ಅವರು ಹೇಳಿದರು, "ಪಾಸ್ಟ್ರೇ, ನಾನು ಹೋದ ಮೇಲೆ ಇಬ್ಬರೂ ಬರ್ತಾರೆ, ಅದು ನನಗೆ ಗೊತ್ತುಂಟು. ನಾನು ಇರುವಾಗ ಬರಬೇಕಲ್ಲ." ಈ ಮಾತನ್ನು ಸಭೆಯಲ್ಲಿ ಹೇಳಲಾ ಅಮ್ಮ ಅಂತ ಕೇಳಿದೆ. "ಹೇಳಿ, ನನಗೆ ಇನ್ನು ಯಾವ ಮರ್ಯಾದೆ" ಅಂದರು.

ಮತ್ತಾಯ 5:23, 24. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಉಂಟು ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗು, ಆಮೇಲೆ ಬಾ. ಪ್ರಾರ್ಥನೆ ಮಾಡಿ ಮುಚ್ಚಿಬಿಡು ಅಂತ ಕರ್ತನು ಹೇಳಲಿಲ್ಲ. ಹೋಗು ಅಂದನು. ಕೆರೆಯುವಾಗ ಸದ್ದು ಬರುತ್ತದೆ, ಧೂಳು ಏಳುತ್ತದೆ. ಹಳೆಯ ಕಾಗದ ತೆಗೆಯಬೇಕಾಗುತ್ತದೆ, ಸರ್ವೆಯವರನ್ನು ಕರೆಯಬೇಕಾದೀತು, ಅಂದು ನೀನು ಹೀಗೆ ಹೇಳಿದೆ ಅಂತ ಒಮ್ಮೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅದಕ್ಕೆ ಹೆದರಬೇಡಿ. ಪವಿತ್ರಾತ್ಮನ ಎಣ್ಣೆ ಇಳಿಯುವುದು ಕೆರೆದು ಒಣಗಿದ ಜಾಗಕ್ಕೆ.

ಇದು ಆ ಎರಡು ಮನೆಗೆ ಮಾತ್ರ ಅಂತ ಉಳಿದವರು ಆರಾಮಾಗಿ ಕೂರಬೇಡಿ. ನಿಮ್ಮ ನಿಮ್ಮ ಬೇಲಿ ನಿಮಗೆ ಗೊತ್ತುಂಟು. ಇತ್ತೀಚೆಗೆ ಮದುವೆಯಾದ ಮಕ್ಕಳು ನಾಲ್ಕು ಜೋಡಿ ಇಲ್ಲಿ ಕೂತಿದ್ದೀರಿ, ನಿಮ್ಮದು ಹೊಸ ಗಾಡಿ. ಇಬ್ಬರೂ ಸೇರಿ ದಿನಾ ರಾತ್ರಿ ಹತ್ತು ನಿಮಿಷ ಮೊಣಕಾಲೂರಿ. ಸಾಲ ಇದ್ದರೆ ಹೆಂಡತಿಗೆ ಗೊತ್ತಿರಲಿ. ತವರಿಗೆ ಕೊಟ್ಟದ್ದು ಗಂಡನಿಗೆ ಗೊತ್ತಿರಲಿ. ಮಳೆ ಬರುವ ಮುಂಚೆ ಈ ಕೆಲಸ ಸುಲಭ.

ಬರುವ ಭಾನುವಾರ ಕರ್ತನ ಮೇಜು. ನಡುವೆ ಆರು ದಿನ ಉಂಟು. ಮಂಗಳವಾರ, ಗುರುವಾರ ಸಂಜೆ ಆರರ ನಂತರ ನಾನು ಮನೆಯಲ್ಲೇ ಇರುತ್ತೇನೆ, ಇಬ್ಬರು ಹಿರಿಯರನ್ನೂ ಕೂತಿರಲು ಹೇಳಿದ್ದೇನೆ. ಒಬ್ಬರೇ ಬಂದರೂ ಬನ್ನಿ. ಬಾವಿಯ ಹತ್ತಿರವೇ ಬರಬೇಕು ಅಂದರೆ ಅಲ್ಲಿಗೂ ಬರುತ್ತೇನೆ, ಅಳತೆ ಟೇಪ್ ನನ್ನ ಹತ್ತಿರ ಉಂಟು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಪಕ್ಕದವರನ್ನು ನೋಡಬೇಡಿ.

(ಪ್ರಾರ್ಥನೆ)