ಮರಳಿ ಬಂದವರು ಏನನ್ನು ತಂದರು?

ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿಗೆ ಬೆಂಕಿಯಿಟ್ಟು, ದೇವಾಲಯವನ್ನು ಕೆಡಹಿ, ಯೆಹೂದ್ಯರನ್ನು ಸೆರೆಯೊಯ್ದಾಗ, ಆ ಜನಾಂಗದ ಕಥೆ ಅಲ್ಲಿಗೆ ಮುಗಿಯಿತೆಂದೇ ನೆರೆಯ ನಾಡುಗಳು ಭಾವಿಸಿದ್ದಿರಬೇಕು. ಏಕೆಂದರೆ ತನ್ನ ಉಪಾಸನೆಯೆಲ್ಲವನ್ನೂ ಒಂದೇ ನಗರದ ಒಂದೇ ಬಲಿಪೀಠದ ಸುತ್ತ ನೆಲೆಗೊಳಿಸಿದ್ದ ಜನಕ್ಕೆ, ಆ ಪೀಠವೇ ಬೂದಿಯಾದ ಮೇಲೆ, ಉಳಿಯುವುದಾದರೂ ಏನು? ಆದರೆ ಗುಡಿಯಿಲ್ಲದ ಆ ಪರದೇಶದಲ್ಲಿಯೇ ಅವರು ತಮ್ಮ ಧರ್ಮಶಾಸ್ತ್ರವನ್ನೂ ಪೂರ್ವಿಕರ ಕಥನಗಳನ್ನೂ ಪ್ರವಾದಿಗಳ ನುಡಿಗಳನ್ನೂ ಕೂಡಿಸಿ, ಕಾಪಾಡಿ, ಮಕ್ಕಳ ಕೈಗೆ ಒಪ್ಪಿಸಿದರು. ಪಾರಸಿಕ ಚಕ್ರವರ್ತಿಯಾದ ಕೋರೆಷನು ಬಾಬಿಲೋನನ್ನು ಗೆದ್ದು, 538ರಲ್ಲಿ ಸ್ವದೇಶಕ್ಕೆ ತೆರಳಲು ಅಪ್ಪಣೆಯಿತ್ತಾಗ ಬಹುಮಂದಿ ಅಲ್ಲಿಯೇ ನಿಂತರು. ಹೊರಟು ಬಂದವರು ಹೊಸ ಗುಡಿಗೆ ಅಸ್ತಿಭಾರವಿಟ್ಟ ದಿನ, ಕಿರಿಯರು ಹರ್ಷದಿಂದ ಕೂಗುತ್ತಿರಲು, ಹಳೆಯ ಗುಡಿಯನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರೆಂದೂ, ಕೂಗಾವುದು ಅಳುವಾವುದು ಎಂದು ಯಾರಿಗೂ ತಿಳಿಯದೆ ಹೋಯಿತೆಂದೂ ಎಜ್ರನ ಗ್ರಂಥವು ಹೇಳುತ್ತದೆ. ಮರಳುವುದೆಂದರೆ ಎಂಥದೆಂಬುದನ್ನು ಇದಕ್ಕಿಂತ ಸತ್ಯವಾಗಿ ಹೇಳಿದ ಬರಹವನ್ನು ನಾನು ಕಂಡಿಲ್ಲ. ಬಿಟ್ಟುಹೋದ ಊರು ಯಾರಿಗೂ ಇದ್ದಂತೆಯೇ ದೊರಕುವುದಿಲ್ಲ.

ದಾವಣಗೆರೆಗೂ ಹರಿಹರಕ್ಕೂ ನಡುವೆ, ಗುಡ್ಡವನ್ನೂ ಕೆರೆಯನ್ನೂ ಮಗ್ಗುಲಲ್ಲಿಟ್ಟುಕೊಂಡಿರುವ ನಮ್ಮ ಬಾತಿಯವರಿಗೆ ಈ ಕಥೆ ಪರಕೀಯವೆನಿಸಬೇಕಾಗಿಲ್ಲ. ಹರಿಹರದ ಆರೋಗ್ಯಮಾತೆಯ ಉತ್ಸವಕ್ಕೆ ಸೆಪ್ಟೆಂಬರಿನಲ್ಲಿ ಮತಭೇದವಿಲ್ಲದೆ ಜನ ಸೇರುತ್ತಾರೆ. ಅಲ್ಲಿ ಪಠಿಸುವ ಗ್ರಂಥದೊಳಗೇ ಈ ಕಥೆಯಿದೆ. ಅದಕ್ಕಿಂತಲೂ ಹತ್ತಿರದ ನಂಟೊಂದುಂಟು. ಕನ್ನಡಿಗರಿಗೂ ಒಂದು ಯೆರೂಸಲೇಮಿತ್ತು, ಒಂದು ಚದುರುವಿಕೆಯಿತ್ತು. ಬಸವಣ್ಣನವರೂ ಶರಣರೂ ಬಾಳಿದ ಕಲ್ಯಾಣವೇ ಆ ಯೆರೂಸಲೇಮು.

ಬ್ರಾಹ್ಮಣನಾದ ಮಧುವರಸನು ತನ್ನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಧಾರೆಯೆರೆದುಕೊಟ್ಟನೆಂದೂ, ಅದನ್ನು ಸಹಿಸದವರ ಮಾತಿಗೆ ಕಿವಿಗೊಟ್ಟ ಅರಸ ಬಿಜ್ಜಳನು ಆ ಬೀಗರಿಬ್ಬರಿಗೂ ಘೋರ ಮರಣದಂಡನೆಯನ್ನು ವಿಧಿಸಿದನೆಂದೂ ವೀರಶೈವ ಪರಂಪರೆಯು ನುಡಿಯುತ್ತದೆ. 1167ರ ಸುಮಾರಿಗೆ ಬಿಜ್ಜಳನು ಹತನಾದನು, ಕಲ್ಯಾಣವು ಕದಡಿಹೋಯಿತು, ಚೆನ್ನಬಸವಣ್ಣನೇ ಮೊದಲಾದ ಶರಣರು ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ದಂಡಿನೊಡನೆ ಕಾದುತ್ತ, ಉಳವಿಯ ದಟ್ಟಡವಿಯನ್ನು ಸೇರಿದರು. ಆ ಪೀಳಿಗೆಗೆ ಕಲ್ಯಾಣವು ಮತ್ತೆ ಕೈಸೇರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಆಳಿಕೆಯೊಳಗೆ ವಿಜಯನಗರದ ವಿರಕ್ತರು ಆ ನುಡಿಗಳನ್ನು ಸಂಕಲಿಸಿ, ವ್ಯಾಖ್ಯಾನಿಸಿ, ಜೋಡಿಸಿದರು; ಅನಂತರ ಅವು ಮಠಗಳ ಮತ್ತು ಮನೆಗಳ ಓಲೆಗರಿಗಳಲ್ಲಿ ಅರಿಸಿನ ಕುಂಕುಮವನ್ನು ಧರಿಸಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ, ಶತಮಾನಗಳನ್ನು ಕಳೆದವು.

ನಿಜವಾದ ಮರಳುವಿಕೆಯು ನಮ್ಮ ನೆರೆಯಲ್ಲಿಯೇ ಮೊದಲಾಯಿತೆಂದು ನಾನು ನಂಬುತ್ತೇನೆ. ಹರ್ಡೇಕರ ಮಂಜಪ್ಪನವರು 1913ರಲ್ಲಿ, ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡಗೂಡಿ, ಬಸವ ಜಯಂತಿಯನ್ನು ಮೊತ್ತಮೊದಲಿಗೆ ಸಾರ್ವಜನಿಕವಾಗಿ ಆಚರಿಸಿದರು. ಹತ್ತು ವರ್ಷಗಳ ಮೇಲೆ, 1923ರಲ್ಲಿ, ವಿಜಾಪುರದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಿದ್ದಿತು; ವಕೀಲಿಯಿಂದ ಸಂಪನ್ನರಾಗಿ ಬಾಳಬಹುದಾಗಿದ್ದ ಆ ಮಹನೀಯರು ವಚನಗಳ ಪ್ರಕಟನೆಗಾಗಿ ಸ್ವಂತ ಮನೆಯನ್ನೇ ಮಾರಿದರು. ಬಾಬಿಲೋನಿನಿಂದ ಬಂದ ಎಜ್ರನು ಯೆರೂಸಲೇಮಿನ ನೀರುಬಾಗಿಲ ಮುಂದಣ ಬಯಲಲ್ಲಿ ಮರದ ಪೀಠವನ್ನೇರಿ, ಗಂಡಸರು ಹೆಂಗಸರೆನ್ನದೆ ನೆರೆದವರೆಲ್ಲರಿಗೆ ಬೆಳಗಿನಿಂದ ನಡುಹಗಲಿನವರೆಗೆ ಧರ್ಮಶಾಸ್ತ್ರವನ್ನು ಓದಿದುದಕ್ಕೂ, ಗುಡಿಯ ಸೇವಕರಾದ ಲೇವಿಯರು ಅದರ ಅರ್ಥವನ್ನು ಬಿಡಿಸಿ ಹೇಳಿದುದಕ್ಕೂ, ಕೇಳಿದ ಜನ ಕಣ್ಣೀರಿಟ್ಟುದಕ್ಕೂ ಸರಿಸಾಟಿಯಾದ ಘಟನೆ ನಮ್ಮಲ್ಲಿ ನಡೆದಿದ್ದರೆ ಅದು ಇದೇ. ಮರೆತ ನುಡಿ ಗದ್ದುಗೆಯಿಂದಿಳಿದು ಬೀದಿಗೆ ಬಂದಿತು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಅರ್ಧವನ್ನೇ ಹೇಳಿದಂತಾದೀತು. ಮರಳಿ ಬಂದವರಲ್ಲಿ ಹಲವರು ಅನ್ಯಜನಾಂಗದ ಸ್ತ್ರೀಯರನ್ನು ಮದುವೆಯಾಗಿರುವರೆಂದು ತಿಳಿದ ಎಜ್ರನು, ಆ ಸ್ತ್ರೀಯರನ್ನು ಮಕ್ಕಳೊಡನೆ ಬಿಟ್ಟು ಕಳುಹಿಸಬೇಕೆಂದು ಆಜ್ಞಾಪಿಸಿದನು. ಒಂಬತ್ತನೆಯ ತಿಂಗಳ ಇಪ್ಪತ್ತನೆಯ ದಿನ, ಸುರಿವ ಮಳೆಯಲ್ಲಿ, ಜನವೆಲ್ಲ ದೇವಾಲಯದ ಬಯಲಿನಲ್ಲಿ ನಡುಗುತ್ತ ಕುಳಿತು ಆ ತೀರ್ಪನ್ನು ಕೇಳಿದರು. ಒಮ್ಮೆ ಅಳಿವಿನ ಅಂಚಿಗೆ ಹೋಗಿ ಬಂದ ಚಿಕ್ಕ ಜನಾಂಗದ ಭಯ ಎಜ್ರನದು. ಅದನ್ನು ಹಗುರಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೂ ಅದೇ ಯೆಹೂದ್ಯರು, ಮೋವಾಬ್ ದೇಶದ ಹೆಣ್ಣಾದ ರೂತಳ ಕಥೆಯನ್ನೂ, ದಾವೀದ ಅರಸನು ಆಕೆಯ ಸಂತತಿಯೆಂಬುದನ್ನೂ ತಮ್ಮ ಪವಿತ್ರಗ್ರಂಥದೊಳಗೇ ಆದರದಿಂದ ಉಳಿಸಿಕೊಂಡಿರುವರೆಂಬುದು ಆ ಪರಂಪರೆಯ ಹಿರಿಮೆ.

ನಮ್ಮ ಶರಣರ ದಾರಿಯೋ ಇದಕ್ಕೆ ವಿಪರೀತವಾದುದು. ಅಲ್ಲಿ ಮರಳಿದ ಮೇಲೆ ಸಂಕರವಿವಾಹಗಳನ್ನು ಮುರಿದರು. ಇಲ್ಲಿ ಅಂಥದೊಂದು ವಿವಾಹಕ್ಕಾಗಿಯೇ ಊರನ್ನು ಕಳೆದುಕೊಂಡರು. ಹಾಗಾದರೆ ಆ ಮದುವೆಯನ್ನು ಉಳವಿಯ ಕಾಡಿನಲ್ಲಿಯೇ ಬಿಟ್ಟು, ಓಲೆಗರಿಗಳನ್ನು ಮಾತ್ರ ತಂದುಕೊಂಡ ನಾವು ಪೂರ್ತಿಯಾಗಿ ಮರಳಿದೆವೇ? ಲಗ್ನಪತ್ರಿಕೆಯ ನೆತ್ತಿಯ ಮೇಲೆ ಬಸವಣ್ಣನವರ ಚಿತ್ರವಿರುತ್ತದೆ, ಕೆಳಗೊಂದು ವಚನವೂ ಇರುತ್ತದೆ. ಆ ಪತ್ರಿಕೆ ಅಚ್ಚಾಗುವುದಕ್ಕೆ ಎಷ್ಟೋ ಮುಂಚೆ, ಜಗಲಿಯ ಮೇಲೆ ಕುಳಿತ ಹಿರಿಯರು ಜಾತಿಯನ್ನಷ್ಟೇ ಅಲ್ಲ, ಒಳಪಂಗಡವನ್ನೂ ವಿಚಾರಿಸಿ ಮುಗಿಸಿರುತ್ತಾರೆ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ, ಒಂದೇ ಶಿಲೆಯೊಳಗೆ ಅರ್ಧ ಹರಿ, ಅರ್ಧ ಹರನಾಗಿ ನಿಂತ ಮೂರ್ತಿಗೆ ಎಂಟುನೂರು ವರ್ಷ ಕೈಮುಗಿದ ಸೀಮೆ ನಮ್ಮದು. ದೇವರಿಬ್ಬರನ್ನು ಕೂಡಿಸಲು ಒಪ್ಪಿದವರು ಎರಡು ಮನೆಗಳನ್ನು ಕೂಡಿಸಲು ಹಿಂಜರಿಯುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆದುದರಿಂದ ಬಸವ ಜಯಂತಿಯ ಮೆರವಣಿಗೆಯಲ್ಲಿ ಭಕ್ತಿಯಿಂದ ನಡೆಯುವ ಹಿರಿಯರಲ್ಲಿ ನನ್ನದೊಂದು ಬಿನ್ನಹವಿದೆ. ನಿಮ್ಮ ಮಗಳೋ ಮಗನೋ ಕುಲದ ಗೆರೆಯನ್ನು ದಾಟಿದ ಸಂಬಂಧವೊಂದನ್ನು ನಿಮ್ಮೆದುರಿಗೆ ತಂದು, ತಲೆತಗ್ಗಿಸಿ ನಿಂತ ದಿನ, ಮಧುವರಸನು ಹರಳಯ್ಯನಿಗೆ ಕೊಟ್ಟ ಉತ್ತರವನ್ನೇ ಕೊಡಿರಿ.