ಕಳೆ ಕೀಳುವ ಮುನ್ನ



ಸಂತ ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಬರುವ ಗೋಧಿ ಮತ್ತು ಕಳೆಯ ಸಾಮತಿಯನ್ನು ನೀವು ಬಲಿಪೂಜೆಯಲ್ಲಿ ಅನೇಕ ಸಲ ಆಲಿಸಿದ್ದೀರಿ. ಒಳ್ಳೆಯ ಬೀಜ ಬಿತ್ತಿದ ಹೊಲಕ್ಕೆ ವೈರಿಯೊಬ್ಬನು ರಾತ್ರಿ ಬಂದು ಕಳೆಯನ್ನು ಬಿತ್ತಿ ಹೋಗುತ್ತಾನೆ. ಪೈರು ತೆನೆಗಟ್ಟುವಾಗ ಕಳೆಯೂ ಕಾಣಿಸಿಕೊಳ್ಳುತ್ತದೆ. ಆಳುಗಳು ಅದನ್ನು ಕಿತ್ತುಹಾಕಲು ಅಪ್ಪಣೆ ಬೇಡುತ್ತಾರೆ. ಯಜಮಾನನು ಬೇಡವೆನ್ನುತ್ತಾನೆ, ಕಳೆಯೊಂದಿಗೆ ಗೋಧಿಯೂ ಕಿತ್ತು ಬಂದೀತೆಂಬುದು ಅವನ ಅಂಜಿಕೆ. ಒಕ್ಕಲುತನ ಬಲ್ಲ ನಮ್ಮ ಹಿರಿಯರಿಗೆ ಈ ಉತ್ತರ ಸುಲಭವಾಗಿ ರುಚಿಸಿರಲಾರದು. ಕಳೆಯನ್ನು ಎಳಸಿನಲ್ಲಿಯೇ ಕೀಳಬೇಕೆಂಬುದು ಹೊಲ ಕಲಿಸುವ ಮೊದಲ ಪಾಠ. ಕೆಡುಕನ್ನು ಕಂಡೂ ಬಿಟ್ಟುಬಿಡುವುದು ಸೋಮಾರಿತನವಲ್ಲವೇ? ಹೇಡಿತನವೂ ಆಗಬಹುದಲ್ಲವೇ? ಈ ಪ್ರಶ್ನೆಯನ್ನು ನಾನು ಇಲ್ಲಿ ಎತ್ತಿಕೊಳ್ಳುತ್ತಿರುವುದು ಹೊಲದ ಸಲುವಾಗಿ ಅಲ್ಲ, ಕ್ಯಾನ್ಸರ್ ಪೀಡಿತರ ಹಾಸಿಗೆಯ ಬಳಿ ಕುಳಿತಿರುವ ಕುಟುಂಬಗಳ ಸಲುವಾಗಿ.

ಅಂಥ ಮನೆಗಳ ಅನುಭವ ಬಹುಮಟ್ಟಿಗೆ ಒಂದೇ ತೆರನಾದುದು. ಮೊದಲ ಸುತ್ತಿನ ಔಷಧಕ್ಕೆ ಗಡ್ಡೆ ಕರಗುತ್ತದೆ. ಕೂದಲು ಉದುರಿದರೂ ಮನೆಯವರ ಮುಖದಲ್ಲಿ ಕಳೆ ಮೂಡುತ್ತದೆ. ಕೃತಜ್ಞತಾ ಪೂಜೆಯನ್ನೂ ಮಾಡಿಸುತ್ತಾರೆ. ಕೆಲವು ತಿಂಗಳ ಬಳಿಕ ಗಡ್ಡೆ ಮರಳುತ್ತದೆ. ಅದೇ ಔಷಧ ಈಗ ನಾಟುವುದಿಲ್ಲ. ವೈದ್ಯರು ಬೇರೊಂದನ್ನು ಆರಿಸುತ್ತಾರೆ, ಆ ರೋಗಿಯ ಮೈಗೆ ಅದುವರೆಗೆ ಸೋಂಕದಿದ್ದ ಹೊಸ ಔಷಧವನ್ನು. ಅದೂ ನಾಟುವುದಿಲ್ಲ! ಎಂದೂ ಎದುರಿಸದ ಶಸ್ತ್ರಕ್ಕೆ ಗಡ್ಡೆ ಮೊದಲೇ ಗುರಾಣಿ ಹಿಡಿದು ನಿಂತಂತೆ ತೋರುತ್ತದೆ. ವಿಜ್ಞಾನಿಗಳು ಇದನ್ನು ಬಹುಔಷಧ ನಿರೋಧ ಎನ್ನುತ್ತಾರೆ. ರೋಗಿಯ ಮನೆಯಲ್ಲಿ ಇದಕ್ಕೆ ಹೆಸರಿಲ್ಲ. ಏಕೆ ಹೀಗಾಯಿತು, ಯಾರಿಂದಾಗಿ ಹೀಗಾಯಿತು ಎಂಬ ಪ್ರಶ್ನೆ ಮಾತ್ರ ಇದೆ.

ಈ ಗುರಾಣಿಯ ಗುಟ್ಟು ಬಯಲಾದುದು ಸುಮಾರು ಐದು ದಶಕಗಳ ಹಿಂದೆ. 1973ರಲ್ಲಿ ಡೆನ್ಮಾರ್ಕಿನ ಕೆಲ್ಡ್ ಡಾನೊ ಎಂಬ ಸಂಶೋಧಕರು, ನಿರೋಧ ಗಳಿಸಿದ ಜೀವಕೋಶಗಳು ಒಳಹೊಕ್ಕ ಔಷಧವನ್ನು ಶಕ್ತಿ ವ್ಯಯಿಸಿ ಹೊರದೂಡುತ್ತಿರುವುದನ್ನು ತೋರಿಸಿಕೊಟ್ಟರು. 1976ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ರೂಡಿ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಎಂಬವರು ಈ ಕೆಲಸಕ್ಕೆ ಸಂಬಂಧಿಸಿದ ಪ್ರೋಟೀನೊಂದನ್ನು ಗುರುತಿಸಿದರು. ಅವರು ಬಳಸಿದ್ದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳನ್ನು, ಮತ್ತು ಕಾಲ್ಚಿಸಿನ್ ಎಂಬ ಸಸ್ಯವಿಷವನ್ನು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇದೇ ವಿಷವಿದೆ. ಆ ವಿಷಕ್ಕೆ ಜಗ್ಗದೆ ಉಳಿದ ಕೋಶಗಳು ಇನ್ನೂ ಅನೇಕ ಔಷಧಗಳಿಗೆ ಜಗ್ಗಲಿಲ್ಲ. ಅವುಗಳ ಹೊರಪದರದಲ್ಲಿ ಒಂದು ದೊಡ್ಡ ಪ್ರೋಟೀನು ಹೇರಳವಾಗಿತ್ತು. ಪದರದ ಮೂಲಕ ಔಷಧ ನುಸುಳುವುದನ್ನು ಅದು ಬದಲಿಸುತ್ತದೆಂದು ಎಣಿಸಿ ಅದಕ್ಕೆ ಪಿ-ಗ್ಲೈಕೊಪ್ರೋಟೀನ್ ಎಂದು ಹೆಸರಿಟ್ಟರು. ಅದೊಂದು ಪಂಪು ಎಂಬುದು ಮುಂದೆ ಸ್ಪಷ್ಟವಾಯಿತು. 1986ರಲ್ಲಿ ಅದರ ವಂಶವಾಹಿಯೂ ಕೈಗೆ ಸಿಕ್ಕಿತು.

ಕ್ಯಾನ್ಸರು ತನ್ನ ರಕ್ಷಣೆಗಾಗಿ ಹೊಸದೊಂದು ಯಂತ್ರವನ್ನು ಕಟ್ಟಿಕೊಂಡಿದೆಯೆಂದು ನೀವು ಭಾವಿಸಿದರೆ ಅಚ್ಚರಿಯಿಲ್ಲ. ಆದರೆ ಈ ಪಂಪು ನಮ್ಮೆಲ್ಲರ ಒಡಲಿನಲ್ಲಿ, ಆರೋಗ್ಯವಂತ ಅಂಗಾಂಗಗಳಲ್ಲಿ ಹುಟ್ಟಿನಿಂದಲೇ ದುಡಿಯುತ್ತಿದೆ. ಕರುಳಿನ ಒಳಗೋಡೆಯಲ್ಲಿ ನಿಂತು, ಆಹಾರದೊಂದಿಗೆ ಬಂದ ವಿಷವನ್ನು ಮರಳಿ ಕರುಳಿಗೇ ದೂಡುತ್ತದೆ. ಯಕೃತ್ತಿನಲ್ಲಿ ಪಿತ್ತರಸಕ್ಕೂ ಮೂತ್ರಪಿಂಡದಲ್ಲಿ ಮೂತ್ರಕ್ಕೂ ಸಾಗಹಾಕುತ್ತದೆ. ಮೆದುಳಿನ ಸೂಕ್ಷ್ಮ ರಕ್ತನಾಳಗಳಲ್ಲಿ ಕಾವಲು ಕಾಯುತ್ತದೆ. ತಾಯಿಯ ಗರ್ಭದಲ್ಲಿ ಮಾಸುವಿನೊಳಗಿದ್ದು ಕೂಸಿನತ್ತ ಹೋಗುವ ವಿಷವನ್ನು ತಡೆಯುತ್ತದೆ. ನೀವೂ ನಾನೂ ಹುಟ್ಟುವ ಮೊದಲೇ ಈ ಕಾವಲುಗಾರನ ಋಣ ನಮ್ಮ ಮೇಲಿತ್ತು.

ಅದರ ಬೆಲೆ ಎಂಥದೆಂಬುದು ಆಮ್‌ಸ್ಟರ್‌ಡ್ಯಾಮಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ತಿಳಿದುಬಂತು. ಆಲ್‌ಫ್ರೆಡ್ ಶಿಂಕೆಲ್ ಮತ್ತು ಸಂಗಡಿಗರು ಈ ಪಂಪಿಲ್ಲದ ಇಲಿಗಳನ್ನು ಬೆಳೆಸಿದ್ದರು. ಇಲಿಗಳು ನೋಡಲು ಆರೋಗ್ಯವಾಗಿಯೇ ಇದ್ದವು. ಒಮ್ಮೆ ಅವುಗಳಿಗೆ ನುಸಿಹುಳುಗಳ ಕಾಟ ತಗಲಿದಾಗ, ವಾಡಿಕೆಯಂತೆ ಐವರ್‌ಮೆಕ್ಟಿನ್ ಎಂಬ ಔಷಧವನ್ನು ಸಿಂಪಡಿಸಲಾಯಿತು. ಬೇರೆ ಇಲಿಗಳಿಗೆ ಏನೂ ಆಗಲಿಲ್ಲ. ಪಂಪಿಲ್ಲದ ಇಲಿಗಳು ಸತ್ತುಬಿದ್ದವು. ಪರೀಕ್ಷಿಸಿದಾಗ ಅಂಥ ಇಲಿಗಳ ಮೆದುಳಿನೊಳಕ್ಕೆ ಆ ಔಷಧ ಸುಮಾರು 90 ಪಟ್ಟು ಹೆಚ್ಚಾಗಿ ನುಗ್ಗುತ್ತಿತ್ತು. 1994ರಲ್ಲಿ ಈ ಸಂಗತಿ ಪ್ರಕಟವಾಯಿತು.

ಈಗ ಕ್ಯಾನ್ಸರ್ ಔಷಧಗಳ ಮೂಲವನ್ನು ನೋಡಿರಿ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದುದು ನಮ್ಮ ಅಂಗಳಗಳಲ್ಲಿಯೂ ಸಮಾಧಿಗಳ ಬದಿಯಲ್ಲಿಯೂ ಅರಳುವ ನಿತ್ಯಪುಷ್ಪದಿಂದ. ಟ್ಯಾಕ್ಸಾಲ್ ಬಂದುದು ಒಂದು ಮರದ ತೊಗಟೆಯಿಂದ. ಡಾಕ್ಸೊರುಬಿಸಿನ್ ಮಣ್ಣಿನ ಸೂಕ್ಷ್ಮಜೀವಿಯ ಕೊಡುಗೆ. ಇವೆಲ್ಲವೂ ಗಿಡಮರಗಳೂ ಸೂಕ್ಷ್ಮಜೀವಿಗಳೂ ಉತ್ಪಾದಿಸುವ ವಿಷಗಳೇ. ಇಂಥವನ್ನು ಹೊರದೂಡುವುದೇ ಕಾವಲುಗಾರನ ಕಾಯಕ. ಇಂದು ಬಂದಿರುವ ವಿಷ ಔಷಧವಾಗಿ ಬಂದಿದೆಯೆಂದು ಅವನಿಗೆ ಹೇಳುವವರು ಯಾರು? ಗಡ್ಡೆಯ ಕೋಶವೂ ನಮ್ಮದೇ ಕೋಶ. ದಾರಿ ತಪ್ಪಿದ್ದರೂ ಮನೆಯ ಬೀಗದ ಕೈ ಅದರ ಬಳಿ ಇದೆ. ಕೇಡಿಗೆ ಸ್ವಂತ ಸತ್ವವಿಲ್ಲ, ಅದು ಒಳಿತಿನ ಕೊರತೆ ಮಾತ್ರ ಎಂದು ಸಂತ ಅಗಸ್ಟೀನರು 1600 ವರ್ಷಗಳ ಹಿಂದೆ ಬೋಧಿಸಿದಾಗ ಅವರ ಮನಸ್ಸಿನಲ್ಲಿ ಜೀವಕೋಶಗಳಿರಲಿಲ್ಲ, ನಿಜ. ಆದರೂ ಆ ಬೋಧನೆಗೆ ಇದಕ್ಕಿಂತ ತಕ್ಕ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಪಂಪಿನ ಬಾಯಿ ಮುಚ್ಚಿದರೆ ಔಷಧ ಒಳಗೇ ಉಳಿಯಬೇಕಲ್ಲವೇ? ಆಳುಗಳು ಕೇಳಿದ ಪ್ರಶ್ನೆಯೇ ಇದು, ಸಹಜವಾದ ಪ್ರಶ್ನೆ. 1981ರಲ್ಲಿ ಜಪಾನಿನ ತಕಾಶಿ ತ್ಸುರುವೊ ಮತ್ತು ಸಂಗಡಿಗರು, ಹೃದ್ರೋಗಕ್ಕೆ ಬಳಸುವ ವೆರಪಮಿಲ್ ಎಂಬ ಔಷಧ ಕ್ಯಾನ್ಸರ್ ಕೋಶಗಳ ನಿರೋಧವನ್ನು ಮುರಿಯಬಲ್ಲುದೆಂದು ತೋರಿಸಿದಾಗ ದೊಡ್ಡ ಆಸೆ ಚಿಗುರಿತು. ಆದರೆ ಪಂಪನ್ನು ನಿಲ್ಲಿಸಲು ಬೇಕಾದಷ್ಟು ವೆರಪಮಿಲನ್ನು ಮನುಷ್ಯರ ಹೃದಯ ತಾಳಲಾರದು. ಬಳಿಕ ವಾಲ್‌ಸ್ಪೊಡಾರ್, ಟಾರಿಕ್ವಿಡಾರ್, ಜೊಸುಕ್ವಿಡಾರ್ ಎಂಬ ಹೊಸ ತಡೆಗಳು ಬಂದವು. ಇಪ್ಪತ್ತು ವರ್ಷಗಳಿಗೂ ಮೀರಿದ ದುಡಿಮೆಯ ಫಲ ಬಹುಮಟ್ಟಿಗೆ ನಿರಾಶೆಯೇ. ಅಲ್ಲೊಂದು ಇಲ್ಲೊಂದು ಪ್ರಯೋಗದಲ್ಲಿ ಮಾತ್ರ ಪ್ರಯೋಜನ ಕಂಡಿತು. ಕಾರಣಗಳು ಹಲವು. ಗಡ್ಡೆಗೆ ಈ ಒಂದೇ ಪಂಪನ್ನು ನೆಚ್ಚಿಕೊಂಡಿರಬೇಕಾದ ಅಗತ್ಯವಿಲ್ಲ. ಬೇರೆ ಪಂಪುಗಳೂ ಬೇರೆ ಉಪಾಯಗಳೂ ಅದಕ್ಕಿವೆ. ಆದರೆ ನಮ್ಮ ಚಿಂತನೆಗೆ ಮುಖ್ಯವಾದ ಕಾರಣ ಇನ್ನೊಂದು. ಗಡ್ಡೆಯ ಕಾವಲುಗಾರನನ್ನು ಕಟ್ಟಿಹಾಕಿದಾಗ ಯಕೃತ್ತಿನ, ಮೂತ್ರಪಿಂಡದ, ಅಸ್ಥಿಮಜ್ಜೆಯ ಕಾವಲುಗಾರರೂ ಕಟ್ಟಿಗೆ ಸಿಕ್ಕಿದರು. ಔಷಧ ದೇಹದಿಂದ ಹೊರಹೋಗದೆ ಉಳಿದು, ರೋಗಿಗಳು ಅದರ ವಿಷದಿಂದಲೇ ಬಳಲಿದರು. ಕಳೆಯೊಂದಿಗೆ ಗೋಧಿ ಕಿತ್ತು ಬಂದಿತು.

ಹಾಗಾದರೆ ಯಜಮಾನನ ಮಾತನ್ನು ಎಲ್ಲೆಡೆಯೂ ಅನ್ವಯಿಸೋಣವೇ? ಇಲ್ಲಿ ಎಚ್ಚರ ಅಗತ್ಯ. ಪ್ರಭು ಯೇಸು ಕಳೆಯೆಂದುದು ಮನುಷ್ಯರನ್ನು ಕುರಿತು. ಅವರಿಗೆ ತೀರ್ಪು ನೀಡುವ ಅಧಿಕಾರ ನಮಗಿಲ್ಲ, ಕಾಲ ಇನ್ನೂ ಇದೆ, ಅವರು ಬದಲಾಗಬಲ್ಲರು. ಕ್ಯಾನ್ಸರ್ ಕೋಶ ಮನಃಪರಿವರ್ತನೆ ಹೊಂದುವುದಿಲ್ಲ. ಕೀಳಬಹುದಾದ ಗಡ್ಡೆಯನ್ನು ಕೀಳದಿರುವುದು ತಾಳ್ಮೆಯಲ್ಲ, ಅಪರಾಧ. 1960ರ ದಶಕದ ಮೊದಲಲ್ಲಿ ಅಮೆರಿಕದ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡಲು ಹೊರಟಾಗ, ಇದು ಕ್ರೌರ್ಯವೆಂದು ಸಹೋದ್ಯೋಗಿಗಳೇ ಆಕ್ಷೇಪಿಸಿದರು. ಒಂದು ಔಷಧಕ್ಕೆ ಬಗ್ಗದ ಕೋಶ ಇನ್ನೊಂದಕ್ಕೆ ಬಗ್ಗೀತೆಂಬುದು ಅವರ ಲೆಕ್ಕ. ಆ ಹಟ ತೆರೆದ ಹಾದಿಯಲ್ಲಿ ನಡೆದು, ಇಂದು ಸಿರಿವಂತ ದೇಶಗಳಲ್ಲಿ ಅಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿ ಬದುಕುತ್ತಾರೆ. ಅಲ್ಲಿ ಬುಡಸಮೇತ ಕಿತ್ತದ್ದೇ ಧರ್ಮ. ಗೋಧಿ ಉಳಿಯುತ್ತದೆಯೇ ಎಂಬುದೊಂದೇ ಅಳತೆಗೋಲು. ಕಳೆಯ ಮೇಲಣ ಸಿಟ್ಟು ಅಳತೆಗೋಲಾಗಲಾರದು.

ಹೀಗೆಂದೇ ಕೆಲವು ಸಂಶೋಧಕರು ಬೇರೊಂದು ದಾರಿ ಹಿಡಿದಿದ್ದಾರೆ. ಅಮೆರಿಕದ ಟ್ಯಾಂಪಾ ನಗರದ ರಾಬರ್ಟ್ ಗೇಟನ್‌ಬಿ ಎಂಬ ವೈದ್ಯರು 2009ರಲ್ಲಿ ಬರೆದ ಲೇಖನದಲ್ಲಿ ಉದಾಹರಿಸಿದ್ದು ಯಾವುದನ್ನು ಬಲ್ಲಿರಾ? ಕೋಸಿನ ಬೆಳೆಯನ್ನು ಕಾಡುವ ವಜ್ರಬೆನ್ನಿನ ಪತಂಗವನ್ನು! ಕೋಸು ಬೆಳೆಯುವ ರೈತರು ಅದನ್ನು ಚೆನ್ನಾಗಿ ಬಲ್ಲರು. ಎಷ್ಟು ಬಗೆಯ ಕೀಟನಾಶಕ ಸುರಿದರೂ ಎಲ್ಲಕ್ಕೂ ಒಗ್ಗಿಹೋಗುವ ಹುಳು ಅದು. ಪೂರ್ಣ ನಾಶಕ್ಕೆ ಹೊರಟರೆ ಔಷಧಕ್ಕೆ ಸಾಯುವವೆಲ್ಲ ಸತ್ತು, ಸಾಯದವು ಮಾತ್ರ ಉಳಿದು ಹೊಲವನ್ನೆಲ್ಲ ಆಕ್ರಮಿಸುತ್ತವೆ. ಗಡ್ಡೆಯಲ್ಲಿಯೂ ಹಾಗೆಯೇ. ಪಂಪು ನಡೆಸಲು ಶಕ್ತಿ ಬೇಕು. ಔಷಧವಿಲ್ಲದ ದಿನಗಳಲ್ಲಿ ಆ ಹೊರೆ ಹೊತ್ತ ಕೋಶ, ಹೊರದ ಕೋಶದೊಂದಿಗೆ ಪೈಪೋಟಿಯಲ್ಲಿ ಹಿಂದೆ ಬೀಳಬಹುದು. ಆದುದರಿಂದ ಗುಣಪಡಿಸಲಾಗದ ಹಂತದಲ್ಲಿ, ಗಡ್ಡೆ ಕುಗ್ಗಿದೊಡನೆ ಔಷಧ ನಿಲ್ಲಿಸಿ, ಮತ್ತೆ ಬೆಳೆದಾಗ ಕೊಡುವುದು, ಔಷಧಕ್ಕೆ ಬಗ್ಗುವ ಕೋಶಗಳನ್ನು ಕೊಂಚ ಉಳಿಸಿ ಅವುಗಳಿಂದಲೇ ಬಗ್ಗದವನ್ನು ಅದುಮಿಡುವುದು ಅವರ ಯೋಚನೆ. ಪ್ರಾಸ್ಟೇಟ್ ಕ್ಯಾನ್ಸರಿನ 11 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ವರದಿ 2017ರಲ್ಲಿ ಹೊರಬಂತು. ವಾಡಿಕೆಯ ಪ್ರಮಾಣದ ಅರ್ಧಕ್ಕೂ ಕಡಿಮೆ ಔಷಧ ಪಡೆದ ಅವರಲ್ಲಿ ರೋಗ ಮುಂದುವರಿಯಲು ತಗಲಿದ ಮಧ್ಯಮ ಅವಧಿ ಕನಿಷ್ಠ 27 ತಿಂಗಳು. ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿ 16.5 ತಿಂಗಳು. ಇಷ್ಟು ಚಿಕ್ಕ ಪ್ರಯೋಗದಿಂದ ತೀರ್ಮಾನಕ್ಕೆ ಬರಲಾಗದು, ಇದನ್ನೋದಿ ಯಾರೂ ತಮ್ಮ ಔಷಧವನ್ನು ತಾವೇ ನಿಲ್ಲಿಸಲೂಬಾರದು. ಆದರೆ ಕೆಡುಕನ್ನು ನಿರ್ಮೂಲ ಮಾಡದೆಯೂ ಅದಕ್ಕೆ ಎಲ್ಲೆ ಹಾಕಿ ಬಾಳಬಹುದೆಂಬ ವಿಚಾರ ಇಂದು ಪ್ರಯೋಗಾಲಯದಲ್ಲಿಯೂ ಗೌರವ ಪಡೆದಿದೆ.

ಇನ್ನು ರೋಗಿಯ ಮನೆಗೆ ಮರಳೋಣ. ಔಷಧ ನಾಟದೆ ಹೋದಾಗ ನಾವು ಆಡುವ ಮಾತುಗಳನ್ನು ನೆನೆಯಿರಿ. ವಿಶ್ವಾಸ ಸಾಲದಾಯಿತು, ಮನಸ್ಸು ಗಟ್ಟಿ ಮಾಡಿಕೊಳ್ಳಲಿಲ್ಲ, ಯಾರ ಪಾಪವೋ ಏನೋ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಯೇಸುಸ್ವಾಮಿ ಅವನ ಪಾಪವೂ ಅಲ್ಲ, ಅವನ ತಂದೆತಾಯಿಯರದೂ ಅಲ್ಲವೆಂದು ತಳ್ಳಿಹಾಕಿದರು. ಆದರೂ ಆ ಪ್ರಶ್ನೆ ನಮ್ಮ ಕೇರಿಗಳಲ್ಲಿ ಇನ್ನೂ ಸತ್ತಿಲ್ಲ. ಕಡಲೆಕಾಳಿನ ಗಾತ್ರದ ಗಡ್ಡೆಯೊಂದರಲ್ಲಿ ಸುಮಾರು ನೂರು ಕೋಟಿ ಕೋಶಗಳಿರಬಹುದು. ಅಷ್ಟರಲ್ಲಿ ಕೆಲವು, ಮೊದಲ ಚುಚ್ಚುಮದ್ದಿಗೂ ಮುಂಚೆಯೇ, ಯಾರ ತಪ್ಪೂ ಇಲ್ಲದೆ ನಿರೋಧ ಪಡೆದಿರುವುದು ಲೆಕ್ಕಕ್ಕೆ ಒಪ್ಪುವ ಸಂಗತಿ. ಆ ತಾಯಿ ಜಪಸರವನ್ನು ಎಷ್ಟು ಸಲ ಎಣಿಸಿದಳೆಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದಕ್ಕಿಂತ ಕಠಿಣವಾದುದು ಮೂರನೆಯ ಅಥವಾ ನಾಲ್ಕನೆಯ ಸುತ್ತಿನ ಪ್ರಶ್ನೆ. ಹೊಲ ಮಾರಿಯಾದರೂ ಕೊಡಿಸೋಣವೆಂದು ದೂರದೇಶದಲ್ಲಿರುವ ಮಗ ಫೋನಿನಲ್ಲಿ ಒತ್ತಾಯಿಸುತ್ತಾನೆ. ಹಾಸಿಗೆಯ ಬಳಿಯಿರುವ ಮಗಳು ತಾಯಿ ತುತ್ತು ನುಂಗಲಾರದ್ದನ್ನು ದಿನವೂ ಕಾಣುತ್ತಾಳೆ. ನಿಲ್ಲಿಸಿದರೆ ಕೊಂದಂತಾದೀತೇ ಎಂದು ಇಬ್ಬರೂ ಅಂಜುತ್ತಾರೆ. ಈ ಅಂಜಿಕೆಗೆ ಧರ್ಮಸಭೆ ಬಹು ಹಿಂದೆಯೇ ಉತ್ತರ ನೀಡಿದೆ. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1957ರಲ್ಲಿ ವೈದ್ಯರನ್ನು ಕುರಿತು ಮಾತನಾಡುತ್ತಾ, ಪ್ರಾಣ ಉಳಿಸಲು ಸಾಧಾರಣ ಉಪಾಯಗಳನ್ನು ಬಳಸುವುದಷ್ಟೇ ಕಡ್ಡಾಯವೆಂದೂ, ಅತಿಯಾದ ಹೊರೆಯಾಗುವಂಥದು ಕಡ್ಡಾಯವಲ್ಲವೆಂದೂ ತಿಳಿಸಿದರು. 1980ರಲ್ಲಿ ವ್ಯಾಟಿಕನ್ನಿನ ವಿಶ್ವಾಸಸಿದ್ಧಾಂತ ಪೀಠ ಹೊರಡಿಸಿದ ಘೋಷಣೆ ಇನ್ನೂ ಬಿಚ್ಚಿ ಹೇಳಿತು: ಫಲಕ್ಕೆ ಮೀರಿದ ಸಂಕಟ ಕೊಡುವ ಚಿಕಿತ್ಸೆಯನ್ನು ಬೇಡವೆನ್ನುವುದು ಆತ್ಮಹತ್ಯೆಯಲ್ಲ, ಕುಟುಂಬದ ಮೇಲೆ ವಿಪರೀತ ವೆಚ್ಚ ಹೇರಲು ಮನಸ್ಸಿಲ್ಲದೆ ಬೇಡವೆನ್ನುವುದೂ ಆತ್ಮಹತ್ಯೆಯಲ್ಲ. ಈ ಎರಡನೆಯ ಮಾತನ್ನು ನಮ್ಮ ಎಷ್ಟು ಮಂದಿ ರೋಗಿಗಳಿಗೆ ಯಾರಾದರೂ ತಿಳಿಸಿದ್ದಾರೆ? ಮಕ್ಕಳಿಗೆ ಭಾರವಾಗಲಾರೆನೆಂದು ಹಿರಿಯರು ಹೇಳಿದರೆ ನಾವು ಗದರಿಸಿ ಸುಮ್ಮನಾಗಿಸುತ್ತೇವೆ. ಅವರ ಮಾತಿನಲ್ಲಿ ಹತಾಶೆಯೊಂದೇ ಇದೆಯೆಂದು ತಿಳಿಯುವುದು ಅವರಿಗೆ ಮಾಡುವ ಅನ್ಯಾಯ. ಭಾರವಾಗಬಾರದೆಂದು ಮಕ್ಕಳೇ ಅವರ ಕಿವಿಯಲ್ಲಿ ಉಸುರುವುದು ಮಾತ್ರ ಅದಕ್ಕಿಂತ ದೊಡ್ಡ ಅನ್ಯಾಯ. ನಿರ್ಧಾರ ರೋಗಿಯದಾಗಿರಬೇಕು, ಲೆಕ್ಕಪತ್ರ ಇಟ್ಟವರದಲ್ಲ.

ಅದೇ ಘೋಷಣೆ ಒಂದು ಷರತ್ತನ್ನೂ ವಿಧಿಸಿತು. ಗಡ್ಡೆಯ ಚಿಕಿತ್ಸೆ ನಿಂತರೂ ರೋಗಿಗೆ ಸಲ್ಲಬೇಕಾದ ಆರೈಕೆ ನಿಲ್ಲಬಾರದು. ನೋವು ತಗ್ಗಿಸುವ ಔಷಧ, ಬಾಯಿ ಒದ್ದೆ ಮಾಡುವ ನೀರು, ಹುಣ್ಣಿನ ಶುಶ್ರೂಷೆ, ವ್ಯಾಧಿಸ್ಥರ ಅಭ್ಯಂಗ, ಪರಮಪ್ರಸಾದ. ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದ್ದಾರೆ. ಎಲ್ಲರಿಗೂ ಅಲ್ಲಿಗೆ ಹೋಗಲಾಗದು. ಬಹುಪಾಲು ರೋಗಿಗಳು ತಮ್ಮ ಮನೆಯ ಒಳಕೋಣೆಯಲ್ಲಿಯೇ ಮಲಗಿರುತ್ತಾರೆ. ಚಿಕಿತ್ಸೆ ನಡೆಯುತ್ತಿರುವವರೆಗೆ ಹಣ್ಣು ಹಿಡಿದು ಬರುತ್ತಿದ್ದ ನೆರೆಹೊರೆಯವರು, ಅದು ನಿಂತಿತೆಂದು ತಿಳಿದ ಮೇಲೆ ಏನು ಮಾತನಾಡಬೇಕೆಂದು ತೋಚದೆ ಬರುವುದನ್ನು ಬಿಟ್ಟಿರುತ್ತಾರೆ.